ಮುರ್ತುಜಾಸಾಬರ ಮೇಲೆ ಹೊರಿಸಿದ ಪಂಪ್ ಕಳವು

ಮಡಗಾಂವಿನಿಂದ ನಾವೇಲಿ ಕಡೆಗೆ ಹೋಗುವಾಗ ಎಡಕ್ಕೆ ಒಂದು ತಗಡಿನ ಶೆಡ್ ಇದೆ. ಬೋರ್ಡಿಲ್ಲ. ಬೇಕಾದವರು ‘ಸಾಬರ ಗ್ಯಾರೇಜ್’ ಎಂದು ಕೇಳಿಕೊಂಡು ಬರುತ್ತಾರೆ. ಮುರ್ತುಜಾಸಾಬರಿಗೆ ಈಗ ಐವತ್ತೆಂಟು. ತಾಳಿಕೋಟೆ ಕಡೆಯವರು. ಇಪ್ಪತ್ತೊಂದನೆಯ ವಯಸ್ಸಿಗೆ ಗಣಿಯ ಊರಾದ ಸಾಂಗೆಗೆ ಬಂದು, ಅದಿರು ಹೊರುವ ಟಿಪ್ಪರುಗಳ ಕೆಳಗೆ ಅಂಗಾತ ಮಲಗಿ ಕೆಲಸ ಕಲಿತರು. ಗಣಿ ನಿಂತಾಗ ಮಾಲಕರು ಟಿಪ್ಪರು ಮಾರಿ ಬೇರೆ ದಂಧೆ ಹಿಡಿದರು. ಸಾಬರು ನಟ್ಟು ಬಿಚ್ಚುವ ಪಾನಾಗಳ ಗಂಟು ಕಟ್ಟಿಕೊಂಡು, ಹೆಂಡತಿ ಹಜರತಬಿಯ ಜೊತೆ ಮಡಗಾಂವಿಗೆ ಇಳಿದರು.

ಅವರ ಗಿರಾಕಿಗಳು ಹೆಚ್ಚಾಗಿ ನಮ್ಮವರೇ. ಧಾರವಾಡ, ಬೆಳಗಾವಿ, ಕಾರವಾರದಿಂದ ಬಂದು ಇಲ್ಲಿ ಆಫೀಸು, ಬ್ಯಾಂಕು ಎಂದು ನೆಲೆಯಾದ ಕನ್ನಡಿಗರು. ‘ನಮ್ಮವರು’ ಎಂಬ ಮಾತು ಎಷ್ಟು ಗಟ್ಟಿ ಎನ್ನುವುದು ಹೋದ ತಿಂಗಳು ಗೊತ್ತಾಯಿತು.

ಧಾರವಾಡದ ದಿನಕರ ಅವರ ಕಾರಿನ ಪವರ್ ಸ್ಟೇರಿಂಗ್ ಪಂಪಿನಿಂದ ಎಣ್ಣೆ ಸೋರುತ್ತಿತ್ತು. ಸಾಬರು ಪಂಪ್ ಬಿಚ್ಚಿ, ಸೀಲು ಬದಲಿಸಿ, ತೊಳೆದು, ಮತ್ತೆ ಕೂಡಿಸಿ ಕೊಟ್ಟರು. ನಾಲ್ಕು ದಿನ ಗಾಡಿ ಬೆಣ್ಣೆಯಂತೆ ತಿರುಗಿತು. ಐದನೆಯ ದಿನ, ಭಾನುವಾರ ಸಂಜೆ, ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ದಿನಕರ ಬರೆದರು: ‘ಎಚ್ಚರಿಕೆ. ಮುರ್ತುಜಾಸಾಬನ ಗ್ಯಾರೇಜಿನಲ್ಲಿ ನನ್ನ ಒರಿಜಿನಲ್ ಪಂಪ್ ತೆಗೆದು ಯಾವುದೋ ಗುಜರಿ ಪಂಪ್ ಕೂಡಿಸಿದ್ದಾರೆ. ಪುರಾವೆ ಇದೆ. ಇಂಥವರು ಹೀಗೇ.’

ಇಂಥವರು ಅಂದರೆ ಎಂಥವರು? ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಇಪ್ಪತ್ತೆರಡು ಹೆಬ್ಬೆರಳು ಬಿದ್ದವು. ಅದರಲ್ಲಿ ಒಂದು ನನ್ನದು. ಒತ್ತುವಾಗ ನಾನು ಚಹಾ ಕುಡಿಯುತ್ತಿದ್ದೆ, ಅಷ್ಟೇ ನೆನಪು.

ಆ ಗುಂಪಿನವರ ಹನ್ನೊಂದು ಗಾಡಿಗಳಿಂದಲೇ ಸಾಬರ ಮನೆ ನಡೆಯುತ್ತದೆ. ಬೆಳಗಾಗುವುದರೊಳಗೆ ನಾಲ್ವರು ಫೋನು ಮಾಡಿ, ಇನ್ನು ಬರುವುದಿಲ್ಲ ಎಂದಿದ್ದರು. ನನ್ನ ಗಾಡಿ ಬ್ರೇಕ್ ಕೆಲಸಕ್ಕೆಂದು ಅಲ್ಲೇ ಇತ್ತು. ಕೆಲಸ ಅರ್ಧವಾಗಿದ್ದರೂ ಸರಿ, ತಂದುಬಿಡೋಣ ಎಂದು ನಾನೂ ಹೋದೆ.

ಹೋದಾಗ ದಿನಕರರ ಕಾರು ಶೆಡ್ಡಿನ ಮುಂದೆ ನಿಂತು ನರಳುತ್ತಿತ್ತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಗೊರ್‍ರ್ ಎಂಬ ಸದ್ದು. ಅವರ ಹೆಂಡತಿ ಸುಹಾಸಿನಿ ಪರ್ಸು ಎದೆಗೊತ್ತಿಕೊಂಡು ಪಕ್ಕದಲ್ಲಿ ನಿಂತಿದ್ದರು.

‘ಕೇಳ್ರಿ ಸಾಬ್ರ, ನಿಮ್ಮ ಪಂಪಿನ ಸಂಗೀತ!’ ದಿನಕರ ಕೂಗಿದರು. ‘ಎರಡೂ ಕೈಲೆ ಜಗ್ಗಿದ್ರೂ ತಿರಗವಲ್ತು. ನಂಗೊತ್ತಿತ್ತು. ಅದಕ್ಕ ಗಾಡಿ ಕೊಡೂ ಮೊದ್ಲ ಕೈ ತೂರಿಸಿ ಪಂಪಿನ ಹಿಂದ ಕೆಂಪು ಗುರ್ತು ಹಚ್ಚಿದ್ದೆ. ನಿನ್ನೆ ನೋಡಿದ್ರ ಇಲ್ಲ!’

ಸಾಬರ ಮುಖ ಒಮ್ಮೆ ಕಪ್ಪಿಟ್ಟಿತು. ಗುಂಪಿನಲ್ಲಿ ಬಂದಿದ್ದನ್ನು ಯಾರೋ ಅವರಿಗೆ ಓದಿ ಹೇಳಿದ್ದರು.

‘ಗುರ್ತಿನ ಮಾತು ಆಮ್ಯಾಗ್ರಿ. ಮೊದ್ಲ ಗಾಡಿ ಯಾಕ ಅಳಾಕತ್ತೈತಿ ನೋಡೂಣು.’

ಸ್ಟೇರಿಂಗ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದರು. ಎಣ್ಣೆ ನೊರೆ ನೊರೆ. ‘ಗಾಳಿ ಹೊಕ್ಕೈತ್ರಿ,’ ಎಂದರು. ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ ಬಂದ್ ಇಟ್ಟೇ, ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ತಿರುಗಿಸಿದರು. ಗುಳ್ಳೆಗಳು ಎದ್ದು ಒಡೆದು ಹೋದವು. ಇಂಜಿನ್ ಚಾಲೂ ಮಾಡಿದರೆ ಎರಡೇ ನಿಮಿಷಕ್ಕೆ ನೊರೆ ಮತ್ತೆ ಹಾಜರು.

‘ನಾಟಕ ಭಾಳ ಆತು,’ ದಿನಕರ ಗೊಣಗಿದರು. ‘ಪಂಪ್ ಗುಜರಿ ಅದ ಅಂತ ಒಪ್ಗೊಂಡ್ರ ಮುಗೀತು.’

ಸಾಬರು ಡಬ್ಬಿಯಿಂದ ಪಂಪಿಗೆ ಎಣ್ಣೆ ಎಳೆಯುವ ರಬ್ಬರ್ ಪೈಪಿನ ಕೂಡಿಕೆಯ ಮೇಲೆ ಒಂದಿಷ್ಟು ಎಣ್ಣೆ ಸುರಿದರು. ಗೊರಗೊರ ತಟ್ಟನೆ ಇಳಿಯಿತು. ಸುರಿದ ಎಣ್ಣೆ ಹರಿದುಹೋದ ಮೇಲೆ ಮತ್ತೆ ಎದ್ದಿತು. ಗಾಳಿ ಅಲ್ಲಿಂದಲೇ ಒಳಗೆ ಹೋಗುತ್ತಿತ್ತು. ಅವರು ಟಾರ್ಚ್ ಹಿಡಿದು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು.

‘ಪೈಪ್ ಬಿಗಿಯೂ ಈ ಕ್ಲಿಪ್ ಯಾರು ಬಿಚ್ಚೀರಿ?’

‘ಯಾರು ಬಿಚ್ತಾರ? ನೀವ ಹಾಕಿದ್ದು!’

‘ನಾ ಹಾಕಿದ್ದಲ್ರಿ ಇದು. ನನ್ನ ಕ್ಲಿಪ್ಪಿನ ಸ್ಕ್ರೂ ಯಾವಾಗ್ಲೂ ಮ್ಯಾಲ ಮಾರಿ ಮಾಡಿರ್ತೈತಿ. ಟಿಪ್ಪರ್ ಕೆಲಸದಾಗ ಉಸ್ತಾದ ಬಡದು ಕಲಿಸ್ಯಾನ. ನಾಳೆ ಬ್ಯಾರೆ ಯಾವಂವಾ ಬಿಚ್ಚಾಂವ ಬಂದ್ರ ಅವನ ಕೈಗೆ ಸಿಗಬೇಕು ಅಂತ. ಇದು ತೆಳಗ ಮಾರಿ ಮಾಡೈತಿ. ಪೈಪೂ ಪೂರಾ ಕುಂತಿಲ್ಲ.’

ಶೆಡ್ಡಿನಲ್ಲಿದ್ದ ಮೂರು ಗಾಡಿಗಳನ್ನು ನಾನು ಹೋಗಿ ನೋಡಿದೆ. ನನ್ನದೂ ಸೇರಿ. ಕಂಡ ಕ್ಲಿಪ್ಪುಗಳೆಲ್ಲ ಮುಖ ಮೇಲೆ ಮಾಡಿದ್ದವು. ಅಷ್ಟು ಹೊತ್ತಿನಲ್ಲಿಯೂ ನಾನು ಅವರನ್ನು ನಂಬಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

‘ಪೈಪ್ ಅಡ್ಡ ಇರೂದರಿಂದ ಪಂಪಿನ ಗುರ್ತು ಕಾಣಂಗಿಲ್ರಿ,’ ಸಾಬರು ಮೆಲ್ಲಗೆ ಹೇಳಿದರು. ‘ನೀವು ಹೆಂಗ ನೋಡಿದ್ರಿ?’

ದಿನಕರ ಆಕಾಶ ನೋಡಿದರು. ಸುಹಾಸಿನಿ ಗಂಡನನ್ನು ನೋಡಿದರು.

‘ನಿನ್ನೆ ಮಧ್ಯಾಹ್ನ ಊಟಾ ಬಿಟ್ಟು ಸ್ಕ್ರೂ ಡ್ರೈವರ್ ತಗೊಂಡು ತೆಳಗ ಇಳದಿದ್ರಲ್ಲಾ? ಇದಕ್ಕೇನ್ರಿ?’

‘ಸ್ವಲ್ಪ ಸರಿಸಿದ್ದೆ ಅಷ್ಟ. ಮತ್ತ ಹಾಕೀನಿ.’

ಸಾಬರು ಪೈಪ್ ಸರಿಸಿ, ಸಣ್ಣ ಕನ್ನಡಿಯೊಂದನ್ನು ಪಂಪಿನ ಹಿಂದೆ ಹಿಡಿದರು. ಸೀಲು ಹಾಕುವ ಮೊದಲು ಅವರು ಥಿನ್ನರ್ ಹಾಕಿ ತಿಕ್ಕಿ ತೊಳೆದಿದ್ದರಿಂದ ಗುರುತು ಅಳಿಸಿತ್ತು. ಆದರೆ ಪಂಪಿನ ಎರಕದ ಮೈಯ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಉಳಿದಿತ್ತು. ಸುಹಾಸಿನಿ ಬಗ್ಗಿ ನೋಡಿ ಎದ್ದರು.

‘ಅಯ್ಯ, ಇದು ನನ್ನ ನೇಲ್ ಪಾಲಿಶ್! ಮಗಳು ಮೃದುಲಾ ತಗೊಂಡಾಳಂತ ಅಕಿಗೆ ಬೈದೆ. ನೀವು ಪಂಪಿಗೆ ಶೃಂಗಾರ ಮಾಡಿ ಕಳಿಸೀರೇನು?’

ಸಾಬರು ಪೈಪ್ ಒತ್ತಿ ಕೂಡಿಸಿ, ಕ್ಲಿಪ್ ಬಿಗಿದು, ಮತ್ತೆ ಗಾಳಿ ತೆಗೆದರು. ಸದ್ದಡಗಿತು. ದಿನಕರ ಒಂದು ಬೆರಳಿನಲ್ಲಿ ಸ್ಟೇರಿಂಗ್ ತಿರುಗಿಸಿ ನೋಡಿ, ಫೋನು ತೆಗೆದು ಗುಂಪಿಗೆ ಬರೆದರು: ‘ಗಾಡಿ ಸರಿಯಾಗಿದೆ. ಧನ್ಯವಾದಗಳು.’

ಸಾಬರು ಕೈ ಒರೆಸಿಕೊಳ್ಳುತ್ತ ಕೇಳಿದರು, ‘ಏನು ಬರದ್ರಿ ಸಾಹೇಬ್ರ? ಓದ್ರಿ.’

ಓದಿದರು.

‘ಮೊದ್ಲಿಂದರಾಗ ನನ್ನ ಹೆಸರಿತ್ತಲ್ರಿ. ಇದರಾಗ ಯಾಕಿಲ್ಲ?’

‘ಹೋಗ್ಲಿ ಬಿಡ್ರಿ ಸಾಬ್ರ. ಎಲ್ಲಾರಿಗೂ ತಿಳೀತದ.’

‘ತಿಳಿಯಂಗಿಲ್ರಿ. ಹಜರತಬಿ ಮುಂಜಾನಿಂದ ಒಂದ ಕೇಳಾಕತ್ತಾಳ, ಖರೇನ ಬದ್ಲಿ ಮಾಡೀರೇನ್ರಿ ಅಂತ. ಮೂವತ್ತು ವರ್ಷ ಬಾಳ್ವೆ ಮಾಡಿದಾಕಿ.’

ದಿನಕರ ಕಾರಿನ ಬಾಗಿಲಿಗೆ ಕೈ ಹಾಕಿದರು. ಸುಹಾಸಿನಿ ಆ ಕೈಯಿಂದ ಫೋನು ಕಿತ್ತುಕೊಂಡು, ಶೆಡ್ಡಿನ ಬಾಗಿಲಲ್ಲೇ ನಿಂತು ಬರೆದರು: ‘ಪಂಪ್ ನಮ್ಮದೇ. ಮುರ್ತುಜಾಸಾಬರು ಬದಲಿಸಿಲ್ಲ. ಪೈಪ್ ಬಿಚ್ಚಿ ಕೆಡಿಸಿದವರು ನಮ್ಮ ಮನೆಯವರು. – ಸುಹಾಸಿನಿ.’ ದಿನಕರ ‘ಮನಿಯವ್ರು ಅಂತ ಬ್ಯಾಡ’ ಎನ್ನುವಷ್ಟರಲ್ಲಿ ಅದು ಹೋಗಿಯಾಗಿತ್ತು.

ಅದಕ್ಕೆ ಬಿದ್ದ ಹೆಬ್ಬೆರಳು ಮೂರು. ನನ್ನದೂ ಸೇರಿ ಮೂರೇ.

ಬಿಟ್ಟುಹೋದ ನಾಲ್ಕು ಗಾಡಿಗಳಲ್ಲಿ ಈವರೆಗೆ ಒಂದು ಮಾತ್ರ ವಾಪಸ್ ಬಂದಿದೆ. ಬೆಳಗಾವಿಯ ಮಿಲಿಂದ ಅವರದು. ಅವರು ಗಾಡಿ ಬಿಟ್ಟು ಹೋಗುವುದಿಲ್ಲ. ಕೆಲಸ ಮುಗಿಯುವವರೆಗೆ ಸಾಬರ ಬೆನ್ನ ಹಿಂದೆ ನಿಂತು ಫೋನಿನಲ್ಲಿ ವಿಡಿಯೋ ಮಾಡುತ್ತಾರೆ. ಮೊನ್ನೆ ಕೈಗೆ ಬೆಳಕು ಬೀಳದೆ ಸಾಬರು ತಿರುಗಿ ಹೇಳಿದರು, ‘ಒಂಚೂರು ಸರದ ನಿಂದರ್‍ರಿ ಸಾಹೇಬ್ರ, ನಟ್ ಕಾಣವಲ್ದು.’ ಮಿಲಿಂದ ಸರಿಯಲಿಲ್ಲ.