ಬಂದವರಿಗೆ ಕೊಟ್ಟ ನೀರು

ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಒಳಗೆ ಹೋಗಿ ನೋಡುವವಳು ನಾನು. ಬೀಗ ಜಗ್ಗಿ ನೋಡಿ, ಬೀದಿಯ ತುದಿಯಿಂದ ವಾಪಸು ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಇಂಥವಳು ಒಂದು ಬಾಟಲಿಯ ವಿಷಯದಲ್ಲಿ ಮಾತ್ರ ನಿಶ್ಚಿಂತೆಯಾಗಿ ಮಂಡಕ್ಕಿ ತಿನ್ನುತ್ತ ಕುಳಿತಿದ್ದೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಚಿತ್ರದುರ್ಗದ ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹಳ್ಳಿಗಳನ್ನು ಸುತ್ತಿ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಅಳೆದು ಒಂದು ಸಂಶೋಧನಾ ಲೇಖನ ಪ್ರಕಟಿಸಿದೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಬರುಬರುತ್ತಾ ಮೂಳೆಗೂ ತೊಂದರೆ. ನಮ್ಮ ಸೀಮೆಗೆ ಇದು ಹೊಸ ಸುದ್ದಿಯೇನಲ್ಲ. ನನ್ನ ಹೊಸ ಸುದ್ದಿ ಎಂದರೆ ಹಿರೇಗುಂಟನೂರಿನಿಂದಾಚೆಯ ಒಂದು ಸಣ್ಣ ಹಳ್ಳಿ. ಸುತ್ತಲಿನ ಊರುಗಳಲ್ಲೆಲ್ಲ ಫ್ಲೋರೈಡ್ ಜಾಸ್ತಿ, ಅಲ್ಲಿ ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ! ಅದಕ್ಕೆ ಕಲ್ಲಿನ ಪದರ, ಅಂತರ್ಜಲದ ಹರಿವು ಎಂದೆಲ್ಲ ಒಂದೂವರೆ ಪುಟ ಕಾರಣ ಕೊಟ್ಟಿದ್ದೆ. ಈಗ ಓದಿದರೆ ಮೈ ಬೆವರುತ್ತದೆ.

ಲೇಖನ ಬಂದ ಕೆಲವು ತಿಂಗಳಿಗೆ ಆ ಹಳ್ಳಿಯಿಂದ ಫೋನು ಬಂತು. ನಾನು ನೀರು ತಂದಿದ್ದ ಮನೆಯ ಯಜಮಾನಿ.

“ಮೇಡಮ್ಮಾರೇ, ನಮ್ಮ ಬೋರ್ ನೀರು ಚೆನ್ನಾಗೈತೆ ಅಂತ ಬರ್ದೀರಂತೆ?”

“ಹೌದಮ್ಮ.”

“ನೀವ್ಯಾವಾಗ ನೋಡಿದ್ರಿ ನಮ್ಮ ಬೋರ್ ನೀರ್ನ?”

“ಬಾಟಲಿಗೆ ನೀವೇ ತುಂಬಿಸಿಕೊಟ್ಟಿರಲ್ಲ?”

“ಅಯ್ಯೋ ಶಿವನೇ! ಅದು ಫಿಲ್ಟರ್ ನೀರು ಕಣವ್ವ. ಮನಿಗೆ ಬಂದೋರಿಗೆ ಯಾರಾದ್ರೂ ಬೋರ್ ನೀರು ಕೊಡ್ತಾರೇನ್ರಿ?”

ನೀರು ತರಲು ಹೋಗಿದ್ದ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ನಾನು ನಲ್ಲಿಯ ಕಡೆ ಹೊರಟಾಗ ಆಕೆ, “ಸೀರೆ ಕೆಸರಾಗ್ತತೆ, ಕುಂತ್ಕಳ್ರಿ” ಎಂದು ಬಾಟಲಿ ಕಿತ್ತುಕೊಂಡು ಒಳಗೆ ಹೋಗಿದ್ದರು. ನನ್ನ ಕೈಗೆ ಮಂಡಕ್ಕಿ ತಟ್ಟೆ ಬಂದಿತ್ತು. ನಗುವಾಗಲೆಲ್ಲ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಾಚಿಕೆ ಇರಬೇಕು ಅಂದುಕೊಂಡಿದ್ದೆ.

ಫ್ಲೋರೈಡ್ ತೆಗೆಯುವ ಊರಿನ ಫಿಲ್ಟರ್ ಘಟಕ ಕೆಟ್ಟು ಎರಡು ತಿಂಗಳಾಗಿತ್ತಂತೆ. ರಿಪೇರಿ ಮಾಡಿಸಿರಿ ಎಂದು ಹೋದವರಿಗೆ ಪಂಚಾಯಿತಿ ಅಧಿಕಾರಿ ನನ್ನ ಲೇಖನ ತೋರಿಸಿ, ನಿಮ್ಮ ಬೋರ್ ನೀರೇ ಚೆನ್ನಾಗಿರುವಾಗ ಫಿಲ್ಟರ್ ಏತಕ್ಕೆ ಎಂದಿದ್ದರಂತೆ. ಆಕೆಯ ಮೂರು ವರ್ಷದ ಮೊಮ್ಮಗಳು ಅಂದಿನಿಂದ ಬೋರ್ ನೀರೇ ಕುಡಿಯುತ್ತಿದ್ದಳು.

ಲೇಖನದಲ್ಲಿ ನನ್ನ ಜೊತೆ ಹೆಸರು ಹಾಕಿದ್ದ ಹಿರಿಯ ಸಹೋದ್ಯೋಗಿಯ ಹತ್ತಿರ ಓಡಿದೆ. ಅವರು ಚಹಾ ಊದಿ ಊದಿ ಕುಡಿಯುತ್ತ ಕೇಳಿದರು.

“ಒಂದು ಬಾಟ್ಲಿಗೋಸ್ಕರ ಇಷ್ಟು ರಾದ್ಧಾಂತ ಏನಮ್ಮ? ಒಟ್ಟು ಸರಾಸರಿಗೆ ಏನೂ ಆಗಲ್ಲ.”

“ಪಂಚಾಯಿತಿಯವರು ಸರಾಸರಿ ಓದಿಲ್ಲ ಸರ್, ಆ ಒಂದು ಸಾಲು ಓದಿದ್ದಾರೆ.”

“ನಮ್ಮ ಪೇಪರ್ ಓದಿದೋರೂ ಇದಾರೆ ಅನ್ನು!” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ತಿದ್ದುಪಡಿ ಬರಿ, ನನ್ನ ಹೆಸರೂ ಹಾಕು” ಎಂದರು.

ಲೇಖನ ಅಚ್ಚು ಹಾಕಿದ್ದ ಪತ್ರಿಕೆಯವರ ತಿದ್ದುಪಡಿ ಫಾರ್ಮಿನಲ್ಲಿ ಒಂದು ಪ್ರಶ್ನೆಯಿತ್ತು: ತಪ್ಪು ಹೇಗಾಯಿತು? ಉಪಕರಣದ ದೋಷ ಎಂದು ಬರೆಯೋಣವೆಂದರೆ ಉಪಕರಣ ಸರಿಯಾಗಿಯೇ ಅಳೆದಿತ್ತು. ಲೆಕ್ಕದ ದೋಷವೂ ಅಲ್ಲ. ಆ ಮನೆಯವರ ತಪ್ಪೆನ್ನೋಣವೆಂದರೆ ಅವರು ಮಾಡಿದ್ದು ಮರ್ಯಾದೆ. ನಾಲ್ಕು ದಿನ ಬರೆದು ಬರೆದು ಅಳಿಸಿ, ಕೊನೆಗೆ ‘ಮಾದರಿಯನ್ನು ಸಂಶೋಧಕಿ ತಾನೇ ತುಂಬಿಸಿಕೊಳ್ಳಲಿಲ್ಲ’ ಎಂದು ಬರೆದೆ. ಹೊಸ ಮಾದರಿ ಪರೀಕ್ಷಿಸಿ ಫಲಿತಾಂಶ ಕಳಿಸಿ ಎಂದು ಉತ್ತರ ಬಂತು.

ಮತ್ತೆ ಹೋದೆ. ನಲ್ಲಿ ತಿರುಗಿಸಿ, ಸ್ವಲ್ಪ ಹೊತ್ತು ನೀರು ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಿದೆ. ಸೀರೆ ನಿಜವಾಗಿಯೂ ಕೆಸರಾಯಿತು. ಆಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಪೇಪರ್ನಾಗೆ ನಮ್ಮನಿಯೋರು ಮೋಸ ಮಾಡಿದ್ರು ಅಂತ ಬರ್ದಿಲ್ಲ ತಾನೆ?”

“ತಪ್ಪು ನನ್ನದು ಅಂತ ಬರೆದಿದ್ದೀನಿ.”

“ನಿಮ್ದೇನೈತವ್ವ? ಕೊಟ್ಟೋಳು ನಾನು.”

ತಪ್ಪನ್ನು ಇಬ್ಬರೂ ಹೀಗೆ ಎಳೆದಾಡುತ್ತಿದ್ದಾಗ, ಅದು ಯಾರದ್ದೆಂದು ನನಗೂ ಸರಿಯಾಗಿ ತಿಳಿಯದಾಯಿತು.

ಈ ಸಲ ಫ್ಲೋರೈಡ್ ಸುತ್ತಲಿನ ಊರುಗಳಿಗಿಂತಲೂ ಜಾಸ್ತಿ ಬಂತು. ನಂಬದೆ ಮೂರು ಸಲ ಅಳೆದೆ. ಪತ್ರಿಕೆಗೆ ಕಳಿಸಿ, ತಿದ್ದುಪಡಿಯ ಪ್ರತಿ ಹಿಡಿದು ಆಕೆಯ ಜೊತೆ ಪಂಚಾಯಿತಿ ಕಚೇರಿಗೆ ಹೋದೆ. ಅಧಿಕಾರಿ ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

“ಅದನ್ನ ಬರೆದೋರೂ ನೀವೇ, ಇದನ್ನ ಬರೆದೋರೂ ನೀವೇ. ಯಾವ್ದು ನಂಬಾಣ ಮೇಡಂ?”

ತಿದ್ದಿಕೊಳ್ಳುವುದೇ ವಿಜ್ಞಾನದ ದೊಡ್ಡ ಗುಣ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವಳು ನಾನು. ಆದರೆ ನಾಳೆ ಮೂರನೆಯದನ್ನು ಬರೆಯುವುದಿಲ್ಲವೆಂದು ಯಾವ ಧೈರ್ಯದಿಂದ ಹೇಳಲಿ?

ಆಕೆ ಬಾಯಿಗೆ ಅಡ್ಡ ಹಿಡಿದಿದ್ದ ಸೆರಗು ಇಳಿಸಿದರು. ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು, ಅಲ್ಲಲ್ಲಿ ಚೂರು ಎದ್ದು ಹೋದ ಗುಳಿಗಳು.

“ಆ ಎರಡೂ ಬ್ಯಾಡ ಸ್ವಾಮಿ, ಇದನ್ನ ಓದ್ರಿ. ಇದೇ ಊರಾಗೆ ಹುಟ್ಟಿ, ಇದೇ ಊರಾಗೆ ಮದ್ವಿ ಆದೋಳು ನಾನು. ಹುಟ್ಟಿದಾಗ್ಲಿಂದ ಫಿಲ್ಟರ್ ಬರೋ ತನಕ ಕುಡುದಿದ್ದು ಇದೇ ನೀರು.”

ಅಧಿಕಾರಿ ಎರಡೂ ಕಾಗದ ಮಡಚಿ, ರಿಪೇರಿಯವನಿಗೆ ಫೋನು ಹಚ್ಚಿದರು. ನಾನು ನೆಲ ನೋಡುತ್ತ ನಿಂತಿದ್ದೆ. ಒಂದೂವರೆ ಪುಟ ಕಲ್ಲಿನ ಪದರದ ಬಗ್ಗೆ ಬರೆಯುವ ಮೊದಲು, ಮಂಡಕ್ಕಿ ಕೊಟ್ಟವರ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಸಾಕಿತ್ತು.

ವಾಪಸು ಬರುವ ಬಸ್ಸಿನಲ್ಲಿ ಹಳೆಯ ನೋಟ್‌ಬುಕ್ ತೆಗೆದೆ. ಹೊಸದುರ್ಗದ ಪುಟದಲ್ಲಿ ನನ್ನದೇ ಅಕ್ಷರ: ‘ಬೋರ್‌ವೆಲ್, ಮನೆಯ ಮುಂದೆ.’ ಆ ಮನೆಯ ಜಗಲಿ ನೆನಪಿದೆ, ಕೊಟ್ಟ ಚಹಾದಲ್ಲಿ ಶುಂಠಿ ಜಾಸ್ತಿಯಿದ್ದದ್ದು ನೆನಪಿದೆ. ಬಾಟಲಿ ತುಂಬಿಸಿದ್ದು ಯಾರು?