ಬಾಡಲೆಂದು ಕಾದ ಹೂ

…ಆ ನೀಲಿ ಚುಕ್ಕಿಯನ್ನು ನಾನು ನೋಡಿದ್ದೆನೇ ಇಲ್ಲವೇ, ಅದೇ ಈಗ ಅನುಮಾನ. ಮ್ಹಾಪಸಾದ ನಮ್ಮ ಪಾತ್ರೆ ಅಂಗಡಿಯಲ್ಲಿ ಇವತ್ತು ಪಾರ್ಸಲ್ ಕಟ್ಟುವಾಗ ಟೇಪು ಪರ್ರೆಂದು ಕಿತ್ತು ಬಂತು. ಆ ಸದ್ದಿಗೆ ವರ್ಷಗಳ ಹಿಂದಿನ ಆ ಚುಕ್ಕಿ ನೆನಪಿನಲ್ಲಿ ಹೊತ್ತಿಕೊಂಡಿತು. ನನ್ನನ್ನು ಪೂರ್ತಿ ನಂಬಬೇಡಿ.

ದೊಡ್ಡಮ್ಮನ ಮಗಳು ಗಿರಿಜಕ್ಕ ಆಗ ಇಲ್ಲೇ ಗೋವಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಟೊಪಾಲಜಿಕಲ್ ಸೆಮಿಮೆಟಲ್ ಎಂಬ ಹರಳಿನ ಮೇಲ್ಮೈ ಅವಳ ವಿಷಯ. ಅಲ್ಲಿನ ಎಲೆಕ್ಟ್ರಾನುಗಳ ನಡತೆಯೇ ಬೇರೆಯಂತೆ. ಕಡುಗೆಂಪು ಲೇಸರ್ ಬಿಟ್ಟರೆ ಇಮ್ಮಡಿ ಕಂಪನದ ನೀಲಿ ಬೆಳಕು ಒಂಚೂರು ಹುಟ್ಟುತ್ತದೆ. ನಾನು ನೋಡಿದೆನೆಂಬ ಚುಕ್ಕಿ ಅದೇ.

"ಒಳಗಿನ ಅಣು ಎಲ್ಲಾ ಎದುರುಬದುರು ಜೋಡಿ. ಒಂದರ ಮಾತು ಇನ್ನೊಂದು ಅಳಸ್ತದ. ಮ್ಯಾಲಿನವಕ್ಕ ಜೋಡಿ ಇಲ್ಲ ನೋಡು, ಅದಕ್ಕ ಅವಷ್ಟ ಮಾತಾಡ್ತಾವ" ಎಂದಿದ್ದಳು.

ಹರಳನ್ನು ತಿರುಗಿಸುತ್ತ ಆ ಬೆಳಕನ್ನು ಅಳೆದರೆ ಕಂಪ್ಯೂಟರ್ ಪರದೆಯ ಮೇಲೆ ಗೆರೆಯಲ್ಲಿ ಮೂಡುವ ಆರೆಸಳಿನ ಹೂ. ಆರೋ, ಮೂರೋ, ಆರೇ ಇರಬೇಕು. ಹೂ ಚಂದ ಬಂದಿತ್ತು, ಪ್ರಬಂಧ ಬರೆದು ಕಳಿಸು ಎಂದು ಗೈಡ್ ಹೇಳಿದ್ದರು. ಅಕ್ಕನಿಗೆ ಸಮಾಧಾನವಿಲ್ಲ. ಮಾತಾಡುತ್ತಿರುವುದು ಹರಳೋ, ಗೋವಾದ ಹಸಿ ಗಾಳಿ ಅದಕ್ಕೆ ಹಿಡಿಸಿದ ಕಿಲುಬೋ? ಅದು ತಿಳಿಯಬೇಕಾದರೆ ಟೇಪು ಅಂಟಿಸಿ ಕಿಲುಬು ಹಿಡಿದ ಮೇಲಿನ ಪದರ ಕೀಳಬೇಕು. ಉಳಿದಿದ್ದ ಹರಳು ಒಂದೇ, ಉಗುರಿನ ಚೂರಿನಷ್ಟು. ಪುಡಿಯಾದರೆ ವರ್ಷಗಳ ಕೆಲಸ ಹೋಯಿತು.

ನಾನು ದೊಡ್ಡಸ್ತಿಕೆಯಿಂದ ಅವಳ ಲ್ಯಾಬಿಗೆ ಅಂಗಡಿಯ ಟೇಪು ಒಯ್ದಿದ್ದೆ.

"ಏ ತಮ್ಮಾ, ಇದು ಪರಾತ ಕಟ್ಟಾಕ ಚಲೋ. ಹತ್ತಿದ್ರ ಬಿಡಂಗಿಲ್ಲ, ನಮ್ಮ ಬೀಗರಂಗ."

"ಹೂ ಬಂದದಲ್ಲಕ್ಕಾ, ಸಾಕ್ ಬಿಡು. ಯಾರ್ ನೋಡ್ತಾರ?"

"ನಾ ನೋಡ್ತೀನಲ್ಲ."

ತನ್ನದೇ ಟೇಪಿನಿಂದ ಪರ್ರೆಂದು ಕಿತ್ತಳು. ಹರಳು ಉಳಿಯಿತು. ಹೊಸ ಮೈ ಕನ್ನಡಿಯಂತಿತ್ತು, ಹೂ ಮೊದಲಿಗಿಂತ ದೊಡ್ಡದಾಗಿ ಬಂತು. ನಾನು ಚಪ್ಪಾಳೆ ತಟ್ಟಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಇನ್ನ ಬಾಡಬೇಕು. ಗಾಳಿ ಹತ್ತಿ ಕಿಲುಬು ಏರಿದಂಗ ಹೂ ಬಾಡಿದ್ರ ಅದು ಹರಳಿಂದು. ಬೆಳದ್ರ ಕಿಲುಬಿಂದು."

ಹೂ ಬಾಡಲಿ ಎಂದು ಉಸಿರು ಹಿಡಿದು ಕಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಂಜೆಗೆ ಎಸಳುಗಳು ಕುಗ್ಗಿದವು. "ಖರೇ ಅದನೋ!" ಎಂದು ನನ್ನ ಬೆನ್ನಿಗೆ ಗುದ್ದಿದಳು. ಬೆನ್ನಿಗೋ ಭುಜಕ್ಕೋ.

ಇವತ್ತು ಫೋನಿನಲ್ಲಿ ಅಕ್ಕನ ಹತ್ತಿರ ಆ ನೀಲಿ ಚುಕ್ಕಿಯ ಮಾತು ತೆಗೆದೆ.

"ಯಾವ ಚುಕ್ಕಿನೋ? ಅದು ಕಣ್ಣಿಗೆ ಕಾಣೂವಷ್ಟು ಇರಂಗಿಲ್ಲ. ಡಬ್ಬಿ ಒಳಗ ಯಂತ್ರಕ್ಕಷ್ಟ ಕಾಣ್ತದ."

ಫೋನಿಟ್ಟು ಪಾರ್ಸಲ್ಲಿಗೆ ಮತ್ತೆ ಟೇಪು ಸುತ್ತಿದೆ. ನನ್ನ ನೆನಪಿನಲ್ಲಿ ಆ ಚುಕ್ಕಿ ವರ್ಷದಿಂದ ವರ್ಷಕ್ಕೆ ಬಾಡಿಲ್ಲ, ಬೆಳೆದಿದೆ. ಅಕ್ಕನ ಪರೀಕ್ಷೆಯ ಪ್ರಕಾರ ಅದು ಕಿಲುಬು. ಅದರಡಿಯಲ್ಲಿ ನಾನು ಅಂದು ಖರೇ ಏನು ನೋಡಿದ್ದೆ, ನನಗೆ ಗೊತ್ತಿಲ್ಲ.