ಶುರುವಿನ ಹಾಡಿನ ಕಾಕು

ಕಾಕುವಿನ ಕೈಗಳು ಮಣಿಕಟ್ಟಿನವರೆಗೂ ಸದಾ ಬೆಳ್ಳಗಿರುತ್ತಿದ್ದವು. ಜೋಳದ ಹಿಟ್ಟು ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ, ಕೆಲವೊಮ್ಮೆ ಮೂಗಿನ ತುದಿಯಲ್ಲೂ. ಹುಮನಾಬಾದಿನ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವುದು ಆಕೆಯ ಕೆಲಸ. ನಮಗೆ ರಕ್ತಸಂಬಂಧಿಯೇನಲ್ಲ, ಪಕ್ಕದ ಮನೆಯಾಕೆ. ಓಣಿಗೆಲ್ಲ ಕಾಕು, ಹಾಗಾಗಿ ನನಗೂ ಕಾಕು.

ಸಂಜೆ ಏಳೂವರೆಗೆ ನಮ್ಮ ಟಿವಿಯಲ್ಲಿ ಧಾರಾವಾಹಿಯ ಶೀರ್ಷಿಕೆ ಗೀತೆ ಕೇಳಿತೆಂದರೆ ಸಾಕು, ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿ ಬರುತ್ತಿದ್ದಳು. ಹಿಟ್ಟಿನ ಕೈ ಎಲ್ಲಿಯೂ ತಾಗದಂತೆ ಎತ್ತಿಕೊಂಡು, ಬಾಗಿಲಲ್ಲೇ ನಿಂತು, ತಲೆಯಾಡಿಸುತ್ತ ಹಾಡು ಪೂರ್ತಿ ಕೇಳುವಳು. ಕತೆ ಶುರುವಾಯಿತೋ, ತಿರುಗಿ ನಡೆದೇಬಿಡುವಳು. ಎಂಟರ ಧಾರಾವಾಹಿಯ ಹಾಡಿಗೆ ಮತ್ತೆ ಹಾಜರು.

"ಕುಂತು ಕತಿನೂ ನೋಡು ಕಾಕು" ಎಂದರೆ, "ಕತಿ ತಗೊಂಡು ಏನ್ ಮಾಡ್ಲೆವಾ? ಬರೇ ಜಗಳ. ಶುರುವಿನ ಹಾಡಿನ್ಯಾಗ ನೋಡು, ಆ ಹಾಳ ಅತ್ತಿನೂ ನಗತಾಳ" ಎನ್ನುತ್ತಿದ್ದಳು. ಅಷ್ಟರಲ್ಲಿ ಕರಕಲಾದ ರೊಟ್ಟಿ ನಮ್ಮ ಮನೆಗೇ ಬರುತ್ತಿತ್ತು. "ನಿಮ್ಮ ಟಿವಿ ಸುಟ್ಟದ್ದು, ನೀವೇ ತಿನ್ರಿ."

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬಂತು. ಬಸವಕಲ್ಯಾಣದಿಂದ ಅತ್ತೆ ಬಂದಿದ್ದರು. ಊಟದ ರೊಟ್ಟಿಯೆಲ್ಲ ಕಾಕುವಿನದೇ. ಬಡಿದು ಮುಗಿಸಿ, ಕೈ ತಿಕ್ಕಿ ತೊಳೆದು, ಇಳಕಲ್ ಸೀರೆ ಉಟ್ಟು ಬಂದವಳು ಬಾಗಿಲಲ್ಲೇ ನಿಂತಳು. ಗಂಡ ತೀರಿಕೊಂಡವಳು ತೊಟ್ಟಿಲ ಹತ್ತಿರ ಬರಬಾರದೆನ್ನುವುದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರೂ ನಡೆಸಿಕೊಂಡು ಬಂದ ರೂಢಿ. ಬಾ ಎಂದು ಕರೆಯಬೇಕೆನಿಸಿತು. ಅತ್ತೆ ಏನಂದಾರೋ ಎಂಬ ಅಂಜಿಕೆಗೆ ತುಟಿ ಬಿಚ್ಚಲಿಲ್ಲ. ನನ್ನ ಹೇಡಿತನಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹೆಂಗಸರು ಜೋಗುಳ ಎತ್ತಿಕೊಂಡರು. ಎರಡು ನುಡಿಗೆ ನಿಂತಿತು, ಮುಂದಿನದು ಒಬ್ಬರಿಗೂ ಬಾರದು. ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಮಗು ಕಿರುಚತೊಡಗಿತು. ಯಾರು ತೂಗಿದರೂ ಸುಮ್ಮನಾಗದು.

ಆಗ ಬಾಗಿಲಿನಿಂದ ಹಾಡು ಬಂತು. ಏಳೂವರೆಯ ಧಾರಾವಾಹಿಯ ಹಾಡು! ಕಾಕುವಿಗೆ ಪೂರ್ತಿ ಬರುತ್ತಿದ್ದುದು ಅಂಥವೇ. ಹೊಟ್ಟೆಯಲ್ಲಿದ್ದಾಗಿನಿಂದ ದಿನಾ ಅದನ್ನೇ ಕೇಳಿದ ಮಗು ತಟ್ಟನೆ ಸುಮ್ಮನಾಯಿತು. ಓಣಿಯ ಹೆಂಗಸರಿಗೂ ಬಾಯಿಪಾಠವಾದ ಹಾಡು, ಒಬ್ಬೊಬ್ಬರಾಗಿ ದನಿ ಕೂಡಿಸಿದರು. ಟಿವಿಯಲ್ಲಿ ಹಾಡಿನ ಕೊನೆಗೆ ಒಂದು ಗಂಡುದನಿ ಧಾರಾವಾಹಿಯ ಹೆಸರು ಕೂಗುತ್ತದೆ. ಕಾಕು ರೂಢಿಬಲದಿಂದ ದನಿ ದಪ್ಪ ಮಾಡಿ ಅದನ್ನೂ ಕೂಗಿಬಿಟ್ಟಳು.

ಹೆಸರಿಡುವ ಮನೆ ಬಿದ್ದು ಬಿದ್ದು ನಕ್ಕಿತು. ಅತ್ತೆ ಕಣ್ಣೊರೆಸಿಕೊಳ್ಳುತ್ತ, "ಅಯ್ಯ, ಸೋದರತ್ತಿಕಿಂತ ಮೊದಲ ನೀನೇ ಹೆಸರು ಇಟ್ಟಿ! ಅಲ್ಲಿ ನಿಂತು ಯಾಕ ಹಾಡಾಕತ್ತಿ? ಒಳಗ ಬಾರವಾ, ಹಗ್ಗ ಹಿಡಿ" ಎಂದರು. ಕಾಕು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ತೊಳೆದ ಕೈಯನ್ನೇ ಮತ್ತೊಮ್ಮೆ ಸೆರಗಿಗೆ ಒರೆಸಿಕೊಂಡು ಬಂದು ತೊಟ್ಟಿಲು ತೂಗಿದಳು.

ಆಮೇಲೆ ಕಾಯಿಲೆ ಬಿದ್ದು ದುಬಲಗುಂಡಿಯ ತಮ್ಮನ ಮನೆ ಸೇರಿದಳು. ಮಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ನೋಡಲು ಹೋದೆ.

"ಕಾಕು, ಅವತ್ತು ನಾನೇ ನಿನ್ನ ಒಳಗ ಕರೀಬೇಕಿತ್ತು" ಎಂದೆ.

"ನೀ ಕರದಿದ್ರ ಒಂದು ಮೂಲ್ಯಾಗ ಸುಮ್ಮ ಕುಂತಬಿಡತಿದ್ದೆ. ಕರೀಲಿಲ್ಲ, ಅದಕ ಹಾಡೀನಿ. ಛಲೋನೇ ಆತಲ್ಲ?"

ನನ್ನ ಮನಸ್ಸು ಹಗುರ ಮಾಡಲು ಕಟ್ಟಿದ ಮಾತು ಅದು. ಬಾಗಿಲಲ್ಲಿ ನಿಂತಿದ್ದಾಗಿನ ಆಕೆಯ ಮುಖವನ್ನು ನಾನು ನೋಡಿದ್ದೆನಲ್ಲ. ಎಂಟು ದಿನಕ್ಕೆ ಕಾಕು ತೀರಿಕೊಂಡ ಸುದ್ದಿ ಬಂತು.

ಈಗ ಯಾರ ಮನೆಯ ಶುಭಕಾರ್ಯಕ್ಕೆ ಹೋದರೂ ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಮೊದಲು ನೋಡುತ್ತೇನೆ. ನಿಂತಿದ್ದರೆ, ಕೈ ಹಿಡಿದು ಕರೆದುಕೊಂಡೇ ಒಳಗೆ ಹೋಗುತ್ತೇನೆ.